ನೀರೊಳಗೆ ಸುಮ್ಮನಿರುವ ಭತ್ತ: ಸಬ್‌1 ಜೀನಿನ ಒಂದು ಪ್ರಕರಣ ಅಧ್ಯಯನ

ಗಾಜಿನ ತೊಟ್ಟಿಯೊಂದರ ತಳದಲ್ಲಿ ಎರಡು ಕುಂಡ ಇಟ್ಟಿದ್ದೇವೆ ಎಂದುಕೊಳ್ಳಿ. ಎರಡರಲ್ಲೂ ಬಿತ್ತಿ ಮೂರು ವಾರವಾದ ಭತ್ತದ ಸಸಿಗಳಿವೆ. ಎತ್ತರ, ಬಣ್ಣ, ಎಲೆಗಳ ಸಂಖ್ಯೆ ಎಲ್ಲವೂ ಹೆಚ್ಚುಕಡಿಮೆ ಒಂದೇ. ಎಲೆಯ ತುದಿಯೂ ಹೊರಗೆ ಕಾಣದಷ್ಟು ನೀರು ತುಂಬಿಸಿ ಹದಿನಾಲ್ಕು ದಿನ ಹಾಗೇ ಬಿಡಬೇಕು. ಕೆಲವೇ ದಿನಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಮೊದಲನೆಯ ಕುಂಡದ ಸಸಿ ಸರಸರನೆ ಉದ್ದವಾಗುತ್ತದೆ. ಎಲೆ ನೂಲಿನಂತೆ ಸಣ್ಣಗಾಗಿ, ಹಸಿರು ತಿಳಿಯಾಗಿ, ನೀರಿನ ಮೇಲ್ಮೈಯನ್ನು ಹುಡುಕಿಕೊಂಡು ಹೊರಟಂತೆ ಕಾಣುತ್ತದೆ. ಎರಡನೆಯದು ಇದ್ದಲ್ಲೇ ಇರುತ್ತದೆ, ಬೆಳೆಯುವ ಲಕ್ಷಣವೇ ಇಲ್ಲ. ಆ ಹೊತ್ತಿಗೆ ಯಾರನ್ನಾದರೂ ಕರೆದು ಇವೆರಡರಲ್ಲಿ ಬದುಕುವುದು ಯಾವುದು ಎಂದು ಕೇಳಿದರೆ, ಉದ್ದವಾದದ್ದನ್ನೇ ತೋರಿಸುತ್ತಾರೆ.

ಹದಿನಾಲ್ಕನೆಯ ದಿನ ನೀರು ಖಾಲಿ ಮಾಡಿದಾಗ ಲೆಕ್ಕ ತಲೆಕೆಳಗಾಗುತ್ತದೆ. ಉದ್ದವಾದ ಸಸಿಗೆ ನಿಲ್ಲುವ ತ್ರಾಣವಿಲ್ಲ. ಒದ್ದೆ ದಾರದಂತೆ ಕುಂಡದ ಅಂಚಿನ ಮೇಲೆ ಬಿದ್ದು, ಬಿಸಿಲು ತಾಗಿದ ಒಂದೆರಡು ದಿನಗಳಲ್ಲಿ ಒಣಹುಲ್ಲಾಗುತ್ತದೆ. ಗಿಡ್ಡ ಸಸಿಯ ಹೊರಗಿನ ಎಲೆಗಳೂ ಕೊಳೆತು ಜೋತುಬಿದ್ದಿರುತ್ತವೆ, ಆದರೆ ಬುಡ ಹಿಸುಕಿ ನೋಡಿದರೆ ಗಟ್ಟಿಯಾಗಿರುತ್ತದೆ. ವಾರ ಕಳೆಯುವಷ್ಟರಲ್ಲಿ ನಡುವಿನಿಂದ ಸುರುಳಿ ಸುತ್ತಿಕೊಂಡ ಹೊಸ ಎಲೆಯೊಂದು ಮೇಲೆ ಬರುತ್ತದೆ.

ಈ ಎರಡು ಸಸಿಗಳ ನಡುವಿನ ಅಂತರಕ್ಕೆ ಬಹುಪಾಲು ಕಾರಣ ಒಂದೇ ಒಂದು ಜೀನು. ಅದರ ಹೆಸರು ಸಬ್‌1ಎ. ಜೀನುಗಳ ಪಾಠ ಮಾಡುವಾಗ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು ಈ ಪ್ರಕರಣದ ಮುಂದೆ. ಒಂದು ಗುಣ ವರ್ಣತಂತುವಿನ ಯಾವ ಜಾಗದಲ್ಲಿದೆ ಎಂದು ಪತ್ತೆ ಮಾಡುವುದು, ಆ ಜಾಗದ ಜೀನು ಯಾವಾಗ ಎಚ್ಚರಗೊಳ್ಳುತ್ತದೆ ಎಂದು ತಿಳಿಯುವುದು, ತಿಳಿದದ್ದನ್ನು ಗದ್ದೆಗೆ ತಲುಪಿಸುವುದು, ಈ ಮೂರೂ ಒಂದೇ ಕಥೆಯಲ್ಲಿ ಇಷ್ಟು ಪೂರ್ತಿಯಾಗಿ ಸಿಗುವುದು ಅಪರೂಪ. ಈ ಜೀನು ಗಿಡಕ್ಕೆ ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ ಎಂಬುದು ಇನ್ನೊಂದು ಕಾರಣ. ಸುಮ್ಮನಿರಬೇಕಾದ ಹೊತ್ತಿನಲ್ಲಿ ಅದು ಗಿಡವನ್ನು ಸುಮ್ಮನಿರಿಸುತ್ತದೆ, ಅಷ್ಟೆ.

ಕೆಸರಿನ ಬೆಳೆ ನೀರಿಗೇ ಸಾಯುವುದೇಕೆ

ಭತ್ತ ನೀರಿನ ಬೆಳೆ. ಹಾಗಿದ್ದೂ ಅದು ನೀರಿಗೇ ಸಾಯುತ್ತದೆ ಎಂದರೆ ಪೇಟೆಯವರಿಗೆ ವಿಚಿತ್ರವೆನಿಸಬಹುದು, ತಗ್ಗಿನ ಗದ್ದೆ ಮಾಡಿದವರಿಗೆ ಅಲ್ಲ. ಬೇರು ನೀರಿನಲ್ಲಿರುವುದು ಬೇರೆ, ತಲೆ ಮುಳುಗುವುದು ಬೇರೆ. ಎಲೆ ಗಾಳಿಯಲ್ಲಿರುವವರೆಗೆ ಭತ್ತ ತನ್ನ ಒಳಗಿನ ಟೊಳ್ಳುಗಳ ಮೂಲಕ ಬೇರಿಗೆ ಗಾಳಿ ಇಳಿಸಿಕೊಳ್ಳುತ್ತದೆ. ಪೂರ್ತಿ ಮುಳುಗಿದ ಮೇಲೆ ಆ ದಾರಿ ಮುಚ್ಚಿತು. ಅನಿಲಗಳು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತವೆ. ಆಮ್ಲಜನಕ ಒಳಗೆ ಬರದು, ಇಂಗಾಲದ ಡೈಆಕ್ಸೈಡ್ ಸಾಲದು, ನೆರೆಯ ನೀರು ಕದಡಿದ್ದರೆ ಬೆಳಕೂ ಇಲ್ಲ. ಅಂದರೆ ಗಿಡಕ್ಕೆ ದುಡಿಮೆ ನಿಂತಿದೆ, ಕೂಡಿಟ್ಟ ಪಿಷ್ಟ ಮತ್ತು ಸಕ್ಕರೆಯಲ್ಲೇ ದಿನ ದೂಡಬೇಕು.

ಒಳಗೆ ಹುಟ್ಟುವ ಎಥಿಲೀನ್ ಅನಿಲ ಹೊರಗೆ ಹೋಗಲಾರದು ಎಂಬುದು ಇನ್ನೊಂದು ಸಂಗತಿ. ಬಾಳೆಗೊನೆ ಹಣ್ಣಾಗಿಸುವ ಅದೇ ಎಥಿಲೀನ್. ಸಾಮಾನ್ಯವಾಗಿ ಎಲೆಯಿಂದ ಗಾಳಿಗೆ ಹೋಗಿಬಿಡುವ ಅದು ಈಗ ಒಳಗೇ ಸೇರುತ್ತ ಹೋಗುತ್ತದೆ, ಗಿಡ ಅದನ್ನೇ ‘ಮುಳುಗಿದ್ದೇನೆ’ ಎಂಬ ಸುದ್ದಿಯಾಗಿ ಓದಿಕೊಳ್ಳುತ್ತದೆ. ಹೆಚ್ಚಿನ ಭತ್ತದ ತಳಿಗಳು ಈ ಸುದ್ದಿಗೆ ಕೊಡುವ ಉತ್ತರ ಒಂದೇ: ಉದ್ದವಾಗು, ತಲೆ ಹೊರಗೆ ಹಾಕು. ಒಂದೆರಡು ಗೇಣಿನ ನೀರಾದರೆ ಇದು ಸರಿಯಾದ ಉತ್ತರ. ಆಳದ ನೀರು ಹತ್ತು ಹನ್ನೆರಡು ದಿನ ನಿಂತಿತೋ, ಗಂಟು ಪೂರ್ತಿ ಖರ್ಚಾಗಿರುತ್ತದೆ, ತಲೆ ಇನ್ನೂ ಹೊರಗೆ ಬಂದಿರುವುದಿಲ್ಲ. ನೆರೆ ಇಳಿದ ಮೇಲೆ ಮತ್ತೆ ಚಿಗುರಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಭಾರತ ಮತ್ತು ಬಾಂಗ್ಲಾದೇಶದಲ್ಲಿ ಹೀಗೆ ವರ್ಷಕ್ಕೆ ಸುಮಾರು 40 ಲಕ್ಷ ಟನ್ ಭತ್ತ ನೀರುಪಾಲಾಗುತ್ತದೆಂದು ಸಂಶೋಧಕರು ಅಂದಾಜು ಮಾಡಿದ್ದರು. ಮೂರು ಕೋಟಿ ಜನರ ಊಟ ಅದು. ಈ ಪ್ರಕರಣವನ್ನು ಪ್ರಯೋಗಾಲಯದ ಕುತೂಹಲವಾಗಿ ಮಾತ್ರ ಓದಲು ನನಗೆ ಮನಸ್ಸು ಬರುವುದಿಲ್ಲ.

ಯಾರೂ ಇಷ್ಟಪಡದ ಒಂದು ಬೀಜ

ಒಡಿಶಾದ ರೈತರ ಬಳಿ ಧಳಪುಟಿಯಾ ಎಂಬ ನಾಡತಳಿ ಇತ್ತು. ನೆರೆ ಬಂದು ಎರಡು ವಾರ ಮುಳುಗಿಸಿದರೂ ಮತ್ತೆ ತಲೆ ಎತ್ತುತ್ತಿತ್ತು. ಸ್ವಾತಂತ್ರ್ಯದ ಆಸುಪಾಸಿನ ದಶಕಗಳಲ್ಲಿ ಅಲ್ಲಿಯ ತಳಿ ತಜ್ಞರು ಅದರಿಂದ ಒಂದು ಶುದ್ಧ ಸಾಲನ್ನು ಆಯ್ದು ಎಫ್‌ಆರ್13ಎ ಎಂದು ಹೆಸರಿಟ್ಟರು. ಎಫ್‌ಆರ್ ಎಂದರೆ ನೆರೆ ತಡೆಯುವಂಥದ್ದು ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. 1970ರ ದಶಕದಲ್ಲಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ತನ್ನ ಬೀಜಭಂಡಾರದ ತಳಿಗಳನ್ನು ಒಂದೊಂದಾಗಿ ಮುಳುಗಿಸಿ ಪರೀಕ್ಷಿಸತೊಡಗಿದಾಗ ಮೇಲಿನ ಸಾಲಿನಲ್ಲಿ ನಿಂತ ಕೆಲವೇ ತಳಿಗಳಲ್ಲಿ ಇದೂ ಒಂದು. ಶ್ರೀಲಂಕಾದ ಕುರ್ಕರುಪ್ಪನ್, ಗೊಡ ಹೀನಟಿಯಂಥ ಹಳೆಯ ತಳಿಗಳಿಗೂ ಆ ಗುಣವಿತ್ತು.

ಆದರೆ ಎಫ್‌ಆರ್13ಎ ಬೇರೆ ಯಾವ ದೃಷ್ಟಿಯಿಂದಲೂ ರೈತನಿಗೆ ಹಿಡಿಸುವ ಭತ್ತವಾಗಿರಲಿಲ್ಲ. ಎತ್ತರಕ್ಕೆ ಬೆಳೆದು ಬೀಳುತ್ತಿತ್ತು, ಇಳುವರಿ ಕಡಿಮೆ, ಅಕ್ಕಿ ದಪ್ಪ. ಅದನ್ನು ಒಳ್ಳೆಯ ತಳಿಗಳೊಂದಿಗೆ ಸಂಕರ ಮಾಡುವ ಪ್ರಯತ್ನ ವರ್ಷಗಟ್ಟಲೆ ನಡೆಯಿತು. 1990ರ ದಶಕದ ಆರಂಭಕ್ಕೆ ನೆರೆಯನ್ನೂ ತಡೆದು ಒಳ್ಳೆಯ ಇಳುವರಿಯನ್ನೂ ಕೊಡುವ ಸಾಲುಗಳು ಸಿದ್ಧವಾದವು. ರೈತರು ಒಪ್ಪಲಿಲ್ಲ. ಅವರಿಗೆ ಬೇಕಾದದ್ದು ಹೊಸ ಭತ್ತವಲ್ಲ. ತಾವು ಬೆಳೆದು, ಉಂಡು, ಮಾರಿ ಪಳಗಿದ ಭತ್ತವೇ ನೆರೆಗೂ ನಿಲ್ಲಬೇಕಿತ್ತು. ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ತಿರುವು ಇದು. ರೈತರ ಆ ನಿರಾಕರಣೆಯೇ ಪ್ರಶ್ನೆಯನ್ನು ಸ್ಪಷ್ಟಗೊಳಿಸಿತು. ಎಫ್‌ಆರ್13ಎಯಿಂದ ಮುಳುಗಡೆ ತಾಳುವ ಗುಣವೊಂದನ್ನೇ ಬಿಡಿಸಿ ತೆಗೆಯಬೇಕು, ಜೊತೆಗಿರುವ ಬೇರೇನೂ ಬರಬಾರದು. ಅದಕ್ಕೆ ಆ ಗುಣದ ವಿಳಾಸ ಗೊತ್ತಿರಬೇಕು.

ಸರ್ವೆ ಕಲ್ಲುಗಳ ನಡುವೆ

ಭತ್ತಕ್ಕೆ ಹನ್ನೆರಡು ಜೊತೆ ವರ್ಣತಂತುಗಳು. ಜೀನುಗಳು ಅವುಗಳ ಮೇಲೆ ಸಾಲಾಗಿ ಕೂತಿವೆ. ಪರಾಗ ಮತ್ತು ಅಂಡ ಹುಟ್ಟುವಾಗ ಜೊತೆಯ ಎರಡು ತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ದೂರ ದೂರ ಇರುವ ಎರಡು ತಾಣಗಳು ಈ ಅದಲುಬದಲಿನಲ್ಲಿ ಬೇರೆಯಾಗುವ ಸಂಭವ ಹೆಚ್ಚು, ಅಂಟಿಕೊಂಡಂತೆ ಇರುವವು ಬೇರೆಯಾಗುವುದು ಅಪರೂಪ. ಜೀನು ನಕ್ಷೆಯ ವಿದ್ಯೆ ಪೂರ್ತಿ ನಿಂತಿರುವುದು ಈ ಒಂದು ಮಾತಿನ ಮೇಲೆ. ನೂರರಲ್ಲಿ ಒಂದು ಸಲ ಬೇರೆಯಾಗುವಷ್ಟು ದೂರಕ್ಕೆ ಒಂದು ಸೆಂಟಿಮಾರ್ಗನ್ ಎಂದು ಹೆಸರು.

ನಮ್ಮೂರುಗಳಲ್ಲಿ ಗದ್ದೆಯ ಗಡಿ ಗೊತ್ತುಮಾಡಲು ಸರ್ವೆ ಕಲ್ಲು ನೆಡುತ್ತಾರಲ್ಲ, ಡಿಎನ್‌ಎ ಮೇಲೆ ಅಂಥ ಕಲ್ಲುಗಳೇ ಮಾರ್ಕರುಗಳು. ಮಾರ್ಕರಿಗೆ ಸ್ವತಃ ಏನೂ ಕೆಲಸವಿರಬೇಕಿಲ್ಲ. ಒಂದು ತಳಿಯಲ್ಲಿ ಒಂದು ರೂಪದಲ್ಲಿ, ಇನ್ನೊಂದರಲ್ಲಿ ಇನ್ನೊಂದು ರೂಪದಲ್ಲಿದ್ದರೆ ಸಾಕು. ಎಫ್‌ಆರ್13ಎಯ ಗುಣ ಪಡೆದ ಸಾಲನ್ನು ಮುಳುಗಿದರೆ ಸಾಯುವ ಸಾಲಿನೊಂದಿಗೆ ಸಂಕರ ಮಾಡಿ, ಮೊಮ್ಮಕ್ಕಳ ಪೀಳಿಗೆ ಬೆಳೆಸಿ, ಪ್ರತಿಯೊಂದರಲ್ಲೂ ಯಾವ ಕಲ್ಲು ಯಾರ ಕಡೆಯದು ಎಂದು ಓದಬೇಕು. ಅದೇ ಗಿಡಗಳ ಸಂತಾನವನ್ನು ಮುಳುಗಿಸಿ ಯಾರು ಬದುಕಿದರು, ಯಾರು ಸತ್ತರು ಎಂದು ಬರೆದಿಡಬೇಕು. ಬದುಕಿದವುಗಳ ಜೊತೆಗೆ ಯಾವ ಕಲ್ಲು ಸದಾ ಕಾಣಿಸಿಕೊಳ್ಳುತ್ತದೋ ಜೀನು ಅದರ ಪಕ್ಕದಲ್ಲೆಲ್ಲೋ ಇದೆ.

ಹೇಳಲು ಸುಲಭವಾದ ಈ ಕೆಲಸದ ಕಷ್ಟ ಮುಳುಗಿಸುವುದರಲ್ಲಿದೆ. ತೊಟ್ಟಿಯ ನೀರು ಒಂದು ಮೂಲೆಯಲ್ಲಿ ತಿಳಿ, ಇನ್ನೊಂದು ಮೂಲೆಯಲ್ಲಿ ಪಾಚಿ ಕಟ್ಟಿದ್ದು. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು. ಸಸಿಯ ವಯಸ್ಸು ಎರಡು ದಿನ ಹೆಚ್ಚುಕಡಿಮೆಯಾದರೂ ಫಲಿತಾಂಶ ಬದಲಾಗುತ್ತದೆ. ಒಂಟಿ ಗಿಡವನ್ನು ಮುಳುಗಿಸಿ ಕೊಂದ ಮೇಲೆ ಮತ್ತೊಮ್ಮೆ ಪರೀಕ್ಷಿಸುವಂತಿಲ್ಲ, ಹಾಗಾಗಿ ಅದರ ಬೀಜದಿಂದ ಹುಟ್ಟಿದ ಇಡೀ ಕುಟುಂಬವನ್ನು ಪರೀಕ್ಷೆಗಿಟ್ಟು ತಾಯಿಗಿಡದ ಗುಣವನ್ನು ಊಹಿಸಬೇಕು. ಡಿಎನ್‌ಎ ಓದುವ ಯಂತ್ರಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ತೊಟ್ಟಿಯ ಪಕ್ಕ ಕೂತು ಸತ್ತ ಸಸಿ, ಬದುಕಿದ ಸಸಿ ಎಣಿಸಿದವರ ಪುಸ್ತಕ ಇಲ್ಲದಿದ್ದರೆ ಆ ಯಂತ್ರಗಳು ಓದಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ.

1996ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ಕೆನಾಂಗ್ ಷು ಮತ್ತು ಡೇವಿಡ್ ಮ್ಯಾಕಿಲ್ ಮೊದಲ ಉತ್ತರ ಪ್ರಕಟಿಸಿದರು. ಮುಳುಗಡೆ ತಾಳುವ ಗುಣದ ದೊಡ್ಡ ಪಾಲು 9ನೆಯ ವರ್ಣತಂತುವಿನ ಒಂದೇ ತಾಣದಲ್ಲಿದೆ. ಸಸಿ ಸಸಿಗಳ ನಡುವೆ ಕಂಡ ವ್ಯತ್ಯಾಸದಲ್ಲಿ ಸುಮಾರು ಶೇ. 70ರಷ್ಟನ್ನು ಆ ಒಂದು ತಾಣ ವಿವರಿಸುತ್ತಿತ್ತು. ಇದು ಸಣ್ಣ ಸುದ್ದಿಯಲ್ಲ. ಇಳುವರಿ, ಎತ್ತರ, ಬರ ತಾಳುವಿಕೆಯಂಥ ಗುಣಗಳು ಸಾಮಾನ್ಯವಾಗಿ ಹತ್ತಾರು ಜೀನುಗಳಲ್ಲಿ ಹಂಚಿಹೋಗಿರುತ್ತವೆ. ನೆರೆಯಂಥ ದೊಡ್ಡ ಹೊಡೆತ ತಾಳುವ ಗುಣ ಒಂದೇ ಕಡೆ ಕಟ್ಟು ಕಟ್ಟಿ ಇಟ್ಟಂತೆ ಸಿಕ್ಕಿತು. ತಾಣಕ್ಕೆ ಸಬ್‌1 ಎಂದು ಹೆಸರಾಯಿತು.

ತಾಣ ಸಿಕ್ಕಿತೆಂದರೆ ಜೀನು ಸಿಕ್ಕಿದಂತಲ್ಲ. ಹೋಬಳಿಯ ಹೆಸರು ಗೊತ್ತಾಯಿತು, ಮನೆ ಇನ್ನೂ ಗೊತ್ತಾಗಬೇಕು. ಹತ್ತಿರದ ಎರಡು ಕಲ್ಲುಗಳ ನಡುವೆಯೇ ತಂತು ತುಂಡಾಗಿ ಬದಲಾದ ಗಿಡಗಳು ಬೇಕು, ಅವು ಅಪರೂಪ, ಆದ್ದರಿಂದ ಸಾವಿರಗಟ್ಟಲೆ ಗಿಡ ಬೆಳೆಸಬೇಕು. ಕೊನೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಗಿಡಗಳನ್ನು ಶೋಧಿಸಿ ಜೀನನ್ನು 0.06 ಸೆಂಟಿಮಾರ್ಗನ್‌ನಷ್ಟು ಸಣ್ಣ ಜಾಗಕ್ಕೆ ಒತ್ತಿ ತಂದರು. ಲೆಕ್ಕ ಹಾಕಿ ನೋಡಿ: ಅಷ್ಟು ಗಿಡಗಳಲ್ಲಿ ಆ ಜಾಗದೊಳಗೆ ಅದಲುಬದಲಾದವು ಐದಾರು ಇದ್ದರೆ ಹೆಚ್ಚು. ಹತ್ತು ವರ್ಷದ ಕೆಲಸ ಆ ಬೆರಳೆಣಿಕೆಯ ಗಿಡಗಳ ಮೇಲೆ ನಿಂತಿತ್ತು.

ಪುಸ್ತಕದಲ್ಲಿ ಇಲ್ಲದ ಪುಟ

ಅದೇ ಹೊತ್ತಿಗೆ ಭತ್ತದ ಪೂರ್ಣ ಜೀನೋಮು, ಅಂದರೆ ಅದರ ಇಡೀ ಡಿಎನ್‌ಎ, ಓದುವ ಅಂತರರಾಷ್ಟ್ರೀಯ ಕೆಲಸ ನಡೆದಿತ್ತು. ಭಾರತದ ವಿಜ್ಞಾನಿಗಳೂ ಅದರಲ್ಲಿದ್ದರು. 2005ರಲ್ಲಿ ಪ್ರಕಟವಾದ ಆ ಜೀನೋಮು ಜಪಾನಿನ ನಿಪ್ಪೊನ್‌ಬಾರೆ ಎಂಬ ತಳಿಯದು. ನಕ್ಷೆ ಮಾಡುವವರಿಗೆ ಇದು ದೊಡ್ಡ ಅನುಕೂಲ. ಎರಡು ಕಲ್ಲು ಸಿಕ್ಕಿದರೆ ಪುಸ್ತಕ ತೆರೆದು ನಡುವೆ ಯಾವ ಯಾವ ಜೀನುಗಳಿವೆ ಎಂದು ಓದಿಕೊಂಡರಾಯಿತು.

ಸಬ್‌1ರ ವಿಷಯದಲ್ಲಿ ಹಾಗಾಗಲಿಲ್ಲ. ಎಫ್‌ಆರ್13ಎ ಕಡೆಯ ಸಾಲಿನ ಡಿಎನ್‌ಎಯನ್ನು ದೊಡ್ಡ ದೊಡ್ಡ ತುಂಡುಗಳಾಗಿ ಬ್ಯಾಕ್ಟೀರಿಯಾದಲ್ಲಿ ಕೂಡಿಟ್ಟು, ಆ ಜಾಗವನ್ನು ಸಬ್‌1 ಹುಡುಕುತ್ತಿದ್ದವರು ಹೊಸದಾಗಿ ಓದಿದರು. ಅಲ್ಲಿ ಅಕ್ಕಪಕ್ಕದಲ್ಲಿ ಒಂದೇ ಕುಟುಂಬದ ಮೂರು ಜೀನುಗಳು ಕಂಡವು: ಸಬ್‌1ಎ, ಸಬ್‌1ಬಿ, ಸಬ್‌1ಸಿ. ನಿಪ್ಪೊನ್‌ಬಾರೆಯಲ್ಲಿ ಬಿ ಮತ್ತು ಸಿ ಇವೆ, ಎ ಇಲ್ಲವೇ ಇಲ್ಲ. ಜಗತ್ತೆಲ್ಲ ಭತ್ತದ ಪುಸ್ತಕವೆಂದು ಓದುತ್ತಿದ್ದ ಪುಸ್ತಕದಲ್ಲಿ ಬೇಕಾದ ಆ ಪುಟವೇ ಇರಲಿಲ್ಲ. ಇದನ್ನು ಹೇಳುವಾಗಲೆಲ್ಲ ವಿದ್ಯಾರ್ಥಿಗಳ ಮುಖ ನೋಡುತ್ತೇನೆ. ಒಂದು ತಳಿಯ ಜೀನೋಮು ಓದಿ ಆ ಬೆಳೆಯನ್ನೇ ಓದಿ ಮುಗಿಸಿದೆವು ಎಂದುಕೊಳ್ಳುವುದು ಎಂಥ ತಪ್ಪು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಗೊತ್ತಿಲ್ಲ. ಆ ಪುಟ ಉಳಿದಿದ್ದು ಒಡಿಶಾದ ಮತ್ತು ಶ್ರೀಲಂಕಾದ ರೈತರ ಕಣಜಗಳಲ್ಲಿ.

ಮುಳುಗಿದರೆ ಸಾಯುವ ಎಷ್ಟೋ ಇಂಡಿಕಾ ತಳಿಗಳಲ್ಲೂ, ಅಂದರೆ ನಮ್ಮಂಥ ಬಿಸಿ ನಾಡುಗಳ ಭತ್ತದ ಗುಂಪಿನಲ್ಲೂ, ಸಬ್‌1ಎ ಇದೆ ಎಂಬುದು ಮುಂದಿನ ತೊಡಕು. ಐಆರ್64 ಎಂಬ ತಳಿಯಲ್ಲೂ ಇದೆ. ಹೋಲಿಸಿ ನೋಡಿದಾಗ ಎರಡು ರೂಪಗಳು ಬೇರೆಯಾದವು. ತಾಳುವ ತಳಿಗಳ ರೂಪದಲ್ಲಿ, ಈ ಜೀನು ಮಾಡಿಸುವ ಪ್ರೋಟೀನಿನ 186ನೆಯ ಜಾಗದಲ್ಲಿ ಸೀರೀನ್ ಎಂಬ ಅಮೈನೋ ಆಮ್ಲ, ತಾಳದವುಗಳಲ್ಲಿ ಅದೇ ಜಾಗದಲ್ಲಿ ಪ್ರೋಲೀನ್. ಮುಳುಗಿದಾಗ ಜೀನು ಎಷ್ಟು ಜೋರಾಗಿ ಎಚ್ಚರಗೊಳ್ಳುತ್ತದೆ ಎಂಬುದರಲ್ಲೂ ಅಂತರವಿತ್ತು: ತಾಳುವ ರೂಪದ ಸಂದೇಶ ಪ್ರತಿಗಳು ಬಹಳ ಹೆಚ್ಚು. ಆ ಒಂದು ಸೀರೀನ್ ಯಾಕೆ ಮುಖ್ಯ ಎಂಬ ಪ್ರಶ್ನೆಗೆ ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯವರು 2016ರಲ್ಲಿ ಒಂದು ಸುಳಿವು ಕೊಟ್ಟರು. ಎಂಪಿಕೆ3 ಎಂಬ ಕಿಣ್ವ ತಾಳುವ ರೂಪದ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಇನ್ನೊಂದಕ್ಕೆ ಅಂಟಿಸುವುದಿಲ್ಲ. ಹಾಗೆ ಗುರುತು ಹಾಕಿಸಿಕೊಂಡ ಸಬ್‌1ಎ ಮತ್ತೆ ಎಂಪಿಕೆ3ರ ಜೀನನ್ನೇ ಎಬ್ಬಿಸುತ್ತದೆ.

ಪಕ್ಕದಲ್ಲಿ ಇದೆ ಎಂಬುದು ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು. ಅದಕ್ಕಾಗಿ ಜೀನು ಹುಡುಕಿದ ಮೊದಲಿನ ತಂಡದವರು ತಾಳುವ ರೂಪದ ಸಬ್‌1ಎಯನ್ನು ಲಿಯಾವೊಗೆಂಗ್ ಎಂಬ ಜಪೋನಿಕಾ ತಳಿಗೆ, ಅಂದರೆ ನಿಪ್ಪೊನ್‌ಬಾರೆಯ ಗುಂಪಿನ ತಳಿಗೆ, ಸೇರಿಸಿದರು. ಮುಳುಗಿದರೆ ಸಾಯುತ್ತಿದ್ದ ಆ ಭತ್ತ ಆ ಒಂದೇ ಜೀನಿನಿಂದ ತಾಳಿಕೊಂಡಿತು. 2006ರ ಆಗಸ್ಟ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಷು, ಮ್ಯಾಕಿಲ್ ಜೊತೆಗೆ ಪಮೇಲಾ ರೊನಾಲ್ಡ್, ಜೂಲಿಯಾ ಬೈಲಿ-ಸೆರೆಸ್, ಟಕೇಶಿ ಫುಕಾವೊ ಮತ್ತಿತರರು ಲೇಖಕರು.

ಬ್ರೇಕು ಹಾಕುವ ಜೀನು

ಸಬ್‌1ಎ ತಾನೇ ಏನನ್ನೂ ಕಟ್ಟುವುದಿಲ್ಲ. ಪಿಷ್ಟ ಮಾಡುವುದಿಲ್ಲ, ಗೋಡೆ ಗಟ್ಟಿ ಮಾಡುವುದಿಲ್ಲ. ಅದರ ಕೆಲಸ ಬೇರೆ ಜೀನುಗಳ ಮುಂದೆ ಕೂತು ‘ನೀನು ಏಳು, ನೀನು ಮಲಗು’ ಎಂದು ಹೇಳುವುದು. ಎಥಿಲೀನ್ ಸುದ್ದಿಗೆ ಓಗೊಡುವ ಇಂಥ ನಿಯಂತ್ರಕಗಳ ದೊಡ್ಡ ಬಳಗವೇ ಸಸ್ಯಗಳಲ್ಲಿದೆ, ಸಬ್‌1 ತಾಣದ ಮೂರೂ ಆ ಬಳಗದವು.

ತಾಳದ ಸಸಿಯಲ್ಲಿ ಎಥಿಲೀನ್ ತುಂಬಿದಾಗ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನಿನ ಪ್ರಭಾವ ಏರುತ್ತದೆ. ಜೀವಕೋಶಗಳ ಗೋಡೆ ಸಡಿಲಿಸುವ ಎಕ್ಸ್‌ಪ್ಯಾನ್ಸಿನ್‌ಗಳೂ ಪಿಷ್ಟ ಒಡೆಯುವ ಅಮೈಲೇಸ್‌ಗಳೂ ಜೋರಾಗುತ್ತವೆ. ಜಿಬ್ಬರೆಲಿನ್ ಓಟಕ್ಕೆ ಗಿಡದಲ್ಲಿ ಒಂದು ಬ್ರೇಕು ಇದೆ, ಎಸ್‌ಎಲ್‌ಆರ್1 ಎಂಬ ಪ್ರೋಟೀನು. ಹಾರ್ಮೋನು ಹೆಚ್ಚಾದಾಗ ಈ ಬ್ರೇಕು ಕರಗಿಹೋಗುತ್ತದೆ, ಸಸಿ ಉದ್ದವಾಗುತ್ತದೆ.

ತಾಳುವ ಸಸಿಯಲ್ಲೂ ಎಥಿಲೀನ್ ತುಂಬುತ್ತದೆ, ಸುದ್ದಿ ಅದೇ. ಆದರೆ ಆ ಸುದ್ದಿಗೆ ಮೊದಲು ಎದ್ದು ಕೂರುವುದು ಸಬ್‌1ಎ. ಅದು ಎಸ್‌ಎಲ್‌ಆರ್1ನ ಮತ್ತು ಅದರ ಸೋದರ ಪ್ರೋಟೀನಿನ ಪ್ರಮಾಣ ಇಳಿಯದಂತೆ ಕಾಯುತ್ತದೆ ಎಂದು ಫುಕಾವೊ ಮತ್ತು ಬೈಲಿ-ಸೆರೆಸ್ 2008ರಲ್ಲಿ ತೋರಿಸಿದರು. ಪಕ್ಕದ ಸಬ್‌1ಸಿಯನ್ನು ಅದು ತಗ್ಗಿಸಿ ಇಡುತ್ತದೆ. ಎಥಿಲೀನ್ ಉತ್ಪಾದನೆಯನ್ನೂ ಹಿಡಿದಿಡುತ್ತದೆ. ಅಂದರೆ ತನ್ನನ್ನು ಎಬ್ಬಿಸಿದ ಕರೆಯನ್ನೇ ಮೆಲ್ಲಗೆ ಮಾಡುತ್ತದೆ. ಹೀಗೆ ಸಸಿ ಬೆಳೆಯುವುದಿಲ್ಲ, ಹೂಬಿಡುವುದನ್ನು ಮುಂದೂಡುತ್ತದೆ, ಎಲೆಯ ಹಸಿರನ್ನು ಬೇಗ ಬಿಟ್ಟುಕೊಡುವುದಿಲ್ಲ, ಪಿಷ್ಟದ ಗಂಟು ಕರಗಿಸುವುದಿಲ್ಲ. ನೀರು ಇಳಿದ ಮೇಲೆ ಜೀನು ಮತ್ತೆ ಮಲಗುತ್ತದೆ. ನೆರೆ ಬಾರದ ವರ್ಷ ಅದು ಇದ್ದೂ ಇಲ್ಲದಂತಿರುವುದರಿಂದಲೇ ಸಬ್‌1 ಸೇರಿಸಿದ ತಳಿಗಳು ಇಳುವರಿಯಲ್ಲಿ ಮೂಲ ತಳಿಗಿಂತ ಹಿಂದೆ ಬೀಳುವುದಿಲ್ಲ. ನೀರಿಳಿದ ಮೇಲೆ ಬಿಸಿಲಿಗೆ ಸಿಕ್ಕ ಎಲೆ ಒಣಗುವುದನ್ನೂ ಅದು ತಗ್ಗಿಸುತ್ತದೆ ಎಂದು 2011ರಲ್ಲಿ ಗೊತ್ತಾಯಿತು.

ಇದರ ಪಕ್ಕದಲ್ಲಿ ಇನ್ನೊಂದು ಸಂಶೋಧನೆ ಇಡದಿದ್ದರೆ ನಿಯಂತ್ರಣ ಎಂಬ ಮಾತಿನ ತೂಕ ತಿಳಿಯುವುದಿಲ್ಲ. ಬಾಂಗ್ಲಾದೇಶದ ಆಳನೀರಿನ ಭತ್ತಗಳು ತಿಂಗಳುಗಟ್ಟಲೆ ನಿಲ್ಲುವ ನೀರಿನಲ್ಲಿ ದಿನಕ್ಕೆ ಒಂದು ಗೇಣು ಬೆಳೆಯಬಲ್ಲವು, ಮೀಟರುಗಟ್ಟಲೆ ಉದ್ದವಾಗಿ ತೆನೆಯನ್ನು ನೀರಿನ ಮೇಲೆ ತೇಲಿಸುತ್ತವೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಮೊಟೊಯುಕಿ ಅಶಿಕಾರಿ ಅವರ ತಂಡ 2009ರಲ್ಲಿ ಅದಕ್ಕೆ ಕಾರಣವಾದ ಸ್ನಾರ್ಕೆಲ್1, ಸ್ನಾರ್ಕೆಲ್2 ಎಂಬ ಜೀನುಗಳನ್ನು 12ನೆಯ ವರ್ಣತಂತುವಿನಲ್ಲಿ ಕಂಡುಹಿಡಿಯಿತು. ಅವೂ ಎಥಿಲೀನ್‌ಗೆ ಓಗೊಡುವ ಅದೇ ಬಳಗದ ನಿಯಂತ್ರಕಗಳು. ಬಳಗ ಒಂದೇ, ಸುದ್ದಿ ಒಂದೇ, ಆದೇಶ ಮಾತ್ರ ತದ್ವಿರುದ್ಧ. ಬಂದು ಹೋಗುವ ನೆರೆಗೆ ಸುಮ್ಮನಿರು ಎನ್ನುವ ಜೀನನ್ನು ಒಂದು ನೆಲದ ರೈತರು ಉಳಿಸಿಕೊಂಡರು, ಬಂದು ಕೂತುಬಿಡುವ ನೀರಿಗೆ ಓಡು ಎನ್ನುವ ಜೀನನ್ನು ಇನ್ನೊಂದು ನೆಲದ ರೈತರು ಉಳಿಸಿಕೊಂಡರು. ಎರಡೂ ಕಡೆಯವರಿಗೆ ತಮ್ಮ ನೀರು ಎಂಥದ್ದೆಂದು ಗೊತ್ತಿತ್ತು.

ಸ್ವರ್ಣಾ ಎಂಬ ಭತ್ತ, ಸ್ವರ್ಣಾ ಆಗಿಯೇ

ಆಂಧ್ರದ ಪಶ್ಚಿಮ ಗೋದಾವರಿಯ ಮಾರುಟೇರು ಸಂಶೋಧನಾ ಕೇಂದ್ರದಿಂದ ಬಂದ ಎಂಟಿಯು 7029, ಅಂದರೆ ಸ್ವರ್ಣಾ, ಪೂರ್ವ ಭಾರತದ ತಗ್ಗು ಗದ್ದೆಗಳಲ್ಲೆಲ್ಲ ಹಬ್ಬಿದ್ದ ಭತ್ತ. ಕಡಿಮೆ ಗೊಬ್ಬರದಲ್ಲೂ ಒಳ್ಳೆಯ ಇಳುವರಿ ಕೊಡುತ್ತದೆ. ನೆರೆ ಬಂದರೆ ಸಾಯುತ್ತದೆ. ಇದನ್ನೇ ಆರಿಸಿಕೊಂಡು, ಸಬ್‌1 ಇರುವ ಸಾಲಿನೊಂದಿಗೆ ಒಮ್ಮೆ ಸಂಕರ ಮಾಡಿ, ಬಂದ ಪೀಳಿಗೆಯನ್ನು ಮತ್ತೆ ಮತ್ತೆ ಸ್ವರ್ಣಾದೊಂದಿಗೇ ಸಂಕರ ಮಾಡುತ್ತ ಹೋದರು. ಒಂದು ಮರುಸಂಕರಕ್ಕೆ ಸರಾಸರಿ ಶೇ. 75 ಸ್ವರ್ಣಾ, ಎರಡಕ್ಕೆ ಶೇ. 87.5, ಮೂರಕ್ಕೆ ಶೇ. 94ರ ಹತ್ತಿರ.

ಹಳೆಯ ಕ್ರಮದಲ್ಲಾದರೆ ಪ್ರತಿ ಪೀಳಿಗೆಯನ್ನೂ ಬೆಳೆಸಿ, ಮುಳುಗಿಸಿ, ಬದುಕಿದ್ದನ್ನು ಆರಿಸಬೇಕಿತ್ತು. ಈಗ ವಿಳಾಸ ಗೊತ್ತಿದೆ. ಎಳೆಯ ಸಸಿಯ ಎಲೆಯ ತುದಿ ಚಿವುಟಿ, ಡಿಎನ್‌ಎ ತೆಗೆದು, ಸಬ್‌1ರ ಮಾರ್ಕರನ್ನು ಪಿಸಿಆರ್ ಎಂಬ ಪ್ರತಿ ತೆಗೆಯುವ ವಿಧಾನದಲ್ಲಿ ಹೆಚ್ಚಿಸಿ, ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ ಸಾಕು. ಕತ್ತಲೆ ಕೋಣೆಯಲ್ಲಿ ದೀಪದ ಮೇಲಿಟ್ಟಾಗ ಸಾಲು ಸಾಲು ಪಟ್ಟಿಗಳು ಹೊಳೆಯುತ್ತವೆ. ಎಫ್‌ಆರ್13ಎ ಕಡೆಯ ಪಟ್ಟಿ ಇರುವ ಸಸಿ ಉಳಿಯುತ್ತದೆ, ಇಲ್ಲದ್ದು ಕಸಕ್ಕೆ. ಉಳಿದವುಗಳಲ್ಲಿ ಜೀನಿನ ಎರಡೂ ಬದಿಯಲ್ಲಿ ಆದಷ್ಟೂ ಹತ್ತಿರಕ್ಕೆ ತಂತು ತುಂಡಾದದ್ದನ್ನು ಹುಡುಕುತ್ತಾರೆ, ಪಕ್ಕದ ಬೇಡದ ಗುಣಗಳು ಅಂಟಿಕೊಂಡು ಬರದಿರಲೆಂದು. ಮಿಕ್ಕ ವರ್ಣತಂತುಗಳಲ್ಲಿ ಸ್ವರ್ಣಾದ ಪಾಲು ಅತಿ ಹೆಚ್ಚು ಇರುವುದನ್ನು ಕೊನೆಗೆ ಆರಿಸುತ್ತಾರೆ. ಸಿ.ಎನ್. ನೀರಜಾ ಮತ್ತು ಸಂಗಡಿಗರು ಈ ಕ್ರಮವನ್ನು 2007ರಲ್ಲಿ ವಿವರವಾಗಿ ಬರೆದರು. ಎರಡು ಮೂರು ಮರುಸಂಕರದಲ್ಲೇ ಕೆಲಸ ಮುಗಿದಿತ್ತು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಇದರ ಬಗ್ಗೆ ಗೊಂದಲವಿದೆ. ಸ್ವರ್ಣಾ-ಸಬ್‌1 ಕುಲಾಂತರಿ ಬೆಳೆಯಲ್ಲ. ಲಿಯಾವೊಗೆಂಗ್ ತಳಿಗೆ ಜೀನು ಸೇರಿಸಿದ್ದು ಪ್ರಯೋಗಾಲಯದ ಸಾಬೀತಿಗಾಗಿ ಮಾತ್ರ. ಗದ್ದೆಗೆ ಬಂದದ್ದು ಭತ್ತದ ಹೂವಿನ ಪರಾಗವನ್ನು ಇನ್ನೊಂದು ಭತ್ತದ ಹೂವಿಗೆ ಹಾಕಿದ ಸಂಕರದಿಂದ. ಮಾರ್ಕರು ಆರಿಸಲು ನೆರವಾಯಿತು, ಗಿಡದೊಳಗೆ ಏನನ್ನೂ ತೂರಿಸಲಿಲ್ಲ.

2009ರಲ್ಲಿ ಅದು ಭಾರತದಲ್ಲಿ ಬಿಡುಗಡೆಯಾಯಿತು, ಮರುವರ್ಷ ಬಾಂಗ್ಲಾದೇಶದಲ್ಲಿ. ನಮ್ಮ ಗಂಗಾವತಿ, ಸಿಂಧನೂರು ಕಡೆಯ ರೈತರು ಬಿಪಿಟಿ ಎಂದೇ ಕರೆಯುವ ಸಾಂಬಾ ಮಸೂರಿಗೂ ಇದೇ ಕ್ರಮದಲ್ಲಿ ಸಬ್‌1 ಸೇರಿತು, ಐಆರ್64ಕ್ಕೂ ಸೇರಿತು.

ಒಡಿಶಾದ ಹಳ್ಳಿಗಳಲ್ಲಿ ಚೀಟಿ ಎತ್ತಿ ಕೆಲವು ರೈತರಿಗೆ ಸ್ವರ್ಣಾ-ಸಬ್‌1 ಬೀಜ ಕೊಟ್ಟು ನಡೆಸಿದ ಕ್ಷೇತ್ರ ಪ್ರಯೋಗದ ವರದಿ 2013ರಲ್ಲಿ ಬಂತು. ಹತ್ತು ದಿನ ಮುಳುಗಿದ ಗದ್ದೆಗಳಲ್ಲಿ ಅದರ ಇಳುವರಿ ಸ್ವರ್ಣಾಕ್ಕಿಂತ ಸುಮಾರು ಶೇ. 45 ಹೆಚ್ಚು. ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಹೆಚ್ಚು ಲಾಭವಾದದ್ದು ಪರಿಶಿಷ್ಟ ಜಾತಿಯ ರೈತರಿಗೆ, ಯಾಕೆಂದರೆ ನೆರೆಗೆ ಮೊದಲು ಮುಳುಗುವ ತಗ್ಗು ಜಮೀನು ಅವರ ಪಾಲಿಗೆ ಬಂದಿತ್ತು. ನಮ್ಮ ಕರಾವಳಿಯಲ್ಲಿ ಬೆಟ್ಟು, ಮಜಲು, ಬೈಲು ಎಂದು ಗದ್ದೆಗಳನ್ನು ಎತ್ತರದ ಪ್ರಕಾರ ಕರೆಯುವುದನ್ನು ಕೇಳಿ ಬೆಳೆದವರಿಗೆ ನೆಲದ ಎತ್ತರ ತಗ್ಗು ಏನೇನನ್ನು ನಿರ್ಧರಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅದೇ ಪ್ರಯೋಗದ ಮುಂದಿನ ವಿಶ್ಲೇಷಣೆ 2016ರಲ್ಲಿ ಬಂತು. ನೆರೆಯ ಭಯ ಕಡಿಮೆಯಾದ ರೈತರು ಗೊಬ್ಬರಕ್ಕೆ ಹೆಚ್ಚು ಖರ್ಚು ಮಾಡಿದರು, ಹೆಚ್ಚು ಜಾಗದಲ್ಲಿ ಬೆಳೆದರು, ಸಾಲ ತೆಗೆಯಲು ಧೈರ್ಯ ಮಾಡಿದರು. ಜೀನು ಮಲಗಿದ್ದ ವರ್ಷದಲ್ಲೂ ಅದರ ಫಲ ಕಂಡಿತು.

ಎಲ್ಲಿ ಕೈಬಿಡುತ್ತದೆ

ಸಬ್‌1 ಎಲ್ಲ ನೀರಿಗೂ ಮದ್ದಲ್ಲ. ಎರಡು ವಾರ ದಾಟಿದರೆ ಅದೂ ಸೋಲುತ್ತದೆ. ನೀರು ಬಿಸಿಯಾಗಿದ್ದು, ಕೆಸರು ಕದಡಿ ಬೆಳಕು ಹೋಗದಿದ್ದರೆ ಇನ್ನೂ ಬೇಗ. ಮೊಣಕಾಲಿನಿಂದ ಸೊಂಟದವರೆಗಿನ ನೀರು ತಿಂಗಳುಗಟ್ಟಲೆ ನಿಲ್ಲುವ ಗದ್ದೆಯಲ್ಲಿ ಗಿಡ್ಡವಾಗಿರುವುದೇ ತೊಂದರೆ, ಅಲ್ಲಿ ಸ್ವಲ್ಪ ಉದ್ದವಾಗಬಲ್ಲ ಭತ್ತ ಬೇಕು. ಬಿತ್ತಿದ ಬೀಜ ಮೊಳೆಯುವ ಮೊದಲೇ ಮುಳುಗಿದರೆ ಸಬ್‌1 ನೆರವಿಗೆ ಬರುವುದಿಲ್ಲ. ಅದಕ್ಕೆ ಮ್ಯಾನ್ಮಾರಿನ ಒಂದು ನಾಡತಳಿಯಿಂದ ಬೇರೆಯೇ ಜೀನನ್ನು ಪತ್ತೆ ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ, ಅದು ಸಕ್ಕರೆಯ ಲೆಕ್ಕ ಬದಲಿಸಿ ನೀರೊಳಗೇ ಮೊಳಕೆಯನ್ನು ಮೇಲಕ್ಕೆ ತರುತ್ತದೆ. ಕಾಲಕ್ಕೊಂದು, ಆಳಕ್ಕೊಂದು ಜೀನು.

ನಮ್ಮಲ್ಲೂ ಅಂಥ ಬೀಜಗಳಿವೆ. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಮುಳುಗಡೆಗೂ ಬಗ್ಗದ ಕಗ್ಗ ಭತ್ತವನ್ನು ರೈತರು ಇಂದಿಗೂ ಉಳಿಸಿಕೊಂಡಿದ್ದಾರೆ. ಮಲೆನಾಡಿನ ವರದಾ ತೀರದ ನೆರೆಗೂಳಿ ಭತ್ತ ಹೆಸರಿನಲ್ಲೇ ತನ್ನ ಗುಣ ಹೇಳುತ್ತದೆ. ಇವು ವಸ್ತುಪ್ರದರ್ಶನದ ಮೇಜಿನ ಮೇಲೆ ಬಟ್ಟಲಲ್ಲಿ ಕೂರಬೇಕಾದ ಬೀಜಗಳಲ್ಲ. ತೊಟ್ಟಿಯಲ್ಲಿ ಮುಳುಗಿಸಿ, ಎಣಿಸಿ, ಸಂಕರ ಮಾಡಿ, ಕಲ್ಲುಗಳ ನಡುವೆ ಹುಡುಕಬೇಕಾದ ಬೀಜಗಳು. ನಿಪ್ಪೊನ್‌ಬಾರೆಯ ಪುಸ್ತಕದಲ್ಲಿ ಒಂದು ಪುಟ ಇರಲಿಲ್ಲ ಎಂದು ತಿಳಿದ ಮೇಲೂ ನಮ್ಮ ಕಣಜದ ಪುಟಗಳನ್ನು ತಿರುವಿ ನೋಡದೆ ಬಿಟ್ಟರೆ ಅದಕ್ಕೆ ಸಮಾಧಾನ ಹೇಳಿಕೊಳ್ಳಲು ನನಗೆ ಆಗುವುದಿಲ್ಲ.

ಸಬ್‌1 ತಳಿ ಬೆಳೆಯುವ ರೈತರಿಗೆ ಕೃಷಿ ಕಾರ್ಯಕರ್ತರು ಬೀಜದ ಜೊತೆಗೆ ಒಂದು ಕಿವಿಮಾತು ಹೇಳಿ ಕಳಿಸುತ್ತಾರೆ. ನೆರೆ ಇಳಿದ ದಿನ ಗದ್ದೆ ನೋಡಿದರೆ ಎಲ್ಲ ಹೋಯಿತು ಅನ್ನಿಸುತ್ತದೆ. ಎಲೆಗಳು ಕಂದು ಬಣ್ಣಕ್ಕೆ ತಿರುಗಿ ಕೆಸರಿಗೆ ಅಂಟಿಕೊಂಡಿರುತ್ತವೆ, ಕೊಳೆತ ವಾಸನೆ ಬರುತ್ತಿರುತ್ತದೆ, ಪಕ್ಕದ ಗದ್ದೆಯವರು ಆಗಲೇ ಉಳಲು ಹೊರಟಿರುತ್ತಾರೆ. ಆಗ ಉತ್ತು ಹಾಕಬೇಡಿ, ಗೊಬ್ಬರವನ್ನೂ ಕೂಡಲೇ ಹಾಕಬೇಡಿ, ಒಂದು ವಾರ ಬಿಡಿ. ಆಮೇಲೆ ಗದ್ದೆಗೆ ಇಳಿದು, ಬಗ್ಗಿ, ಒಂದು ಬುಡವನ್ನು ಬೆರಳಿನಿಂದ ಬಿಡಿಸಿ ನೋಡಿ. ಕೊಳೆತ ಎಲೆಗಳ ನಡುವೆ ಸೂಜಿಯಷ್ಟು ಹಸಿರು ಕಾಣಿಸಿದರೆ ಆ ಗದ್ದೆ ಉಳಿದಿದೆ.